ಒಡ್ಡಿನ ಮೇಲಿನ ಬನ್ನಿ

ಚಿತ್ತಿ ಮಳೆ ಅಂದರೆ ಈಗ ಎಲ್ಲರಿಗೂ ಅಂಜಿಕೆ. ಹೋದ ವರ್ಷ ಅದು ಮುಖವನ್ನೇ ತೋರಿಸಲಿಲ್ಲ. ಅದರ ಹಿಂದಿನ ವರ್ಷ ಒಂದೇ ಸಂಜೆ ಸುರಿದು, ಎರೆ ಮಣ್ಣನ್ನೆಲ್ಲ ಹಳ್ಳಕ್ಕೆ ಬಳಿದುಕೊಂಡು ಹೋಯಿತು. ಈ ಸಲ ಏನು ಮಾಡುತ್ತದೋ? ಹುನಗುಂದ ಕಡೆಯ ರೈತರು ಜೋಳ ಬಿತ್ತಿ, ಮುಗಿಲು ನೋಡುತ್ತ ಕುಳಿತಿದ್ದರು.

ಸೀಗಿ ಹುಣ್ಣಿಮೆಯ ದಿನ ಕಾಶಪ್ಪ, ಅವನ ಹೆಂಡತಿ ಶಿವಲಿಂಗವ್ವ ಬುತ್ತಿ ಹೊತ್ತು ಹೊಲಕ್ಕೆ ಹೋದರು. ಅಂದು ಭೂಮಿತಾಯಿ ಬಸುರಿ. ಅವಳಿಗೆ ಬಯಕೆಯ ಊಟ ಉಣಿಸುವ ಹಬ್ಬ. ಹೊಲದ ಕೆಳಗಿನ ಒಡ್ಡಿನ ಮೇಲೆ ಕಾಶಪ್ಪನ ಅಜ್ಜನ ಕಾಲದ ಬನ್ನಿ ಗಿಡ. ಪೂಜೆ ಅದರ ಬುಡದಲ್ಲಿ. ನೆರೆಯ ಕಾಸಿಂಬಿ ಅಲ್ಲೇ ಆಡು ಮೇಯಿಸುತ್ತಿದ್ದಳು. ಹಬ್ಬದ ಕಡುಬಿನಲ್ಲಿ ಅವಳಿಗೂ ಪಾಲು.

ಶಿವಲಿಂಗವ್ವ ಪೂಜೆಗೆ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಗಿಡಕ್ಕೆ ಹಸಿರು ಇಳಕಲ್ ಸೀರೆ ಸುತ್ತಿದಳು.

"ಗಟ್ಟಿ ಕಟ್ಟಬ್ಯಾಡ," ಅಂದ ಕಾಶಪ್ಪ. "ನಾಳಿ ಇಟ್ಟಂಗಿ ಭಟ್ಟಿಯವ್ರು ಗಿಡ ಕಡಿಯಾಕ ಬರ್ತಾರ."

ಶಿವಲಿಂಗವ್ವನ ಕೈ ನಿಂತಿತು. "ಏನಂದ್ರಿ?"

"ಇದರ ನೆರಳಿಗೆ ಜೋಳ ಏಳೂದಿಲ್ಲ. ಗುಬ್ಬಿ ಕುಂತು ತೆನಿ ತಿಂತಾವ. ಕಟಗಿ ಒಯ್ದು ನಮ್ಮ ದನದ ಮನಿ ಗೋಡಿಗೆ ಇಟ್ಟಂಗಿ ಕೊಡ್ತಾರ. ಕಲ್ಲು ಇಲ್ಲೇ ಇರತಾವ. ಪೂಜಿ ತಪ್ಪೂದಿಲ್ಲ."

"ಇವತ್ತ ಬಸುರಿಗೆ ಸೀರಿ ಉಡಿಸೂದು, ನಾಳಿ ಆಕಿ ಸೆರಗ ಎಳಿಯೂದು! ನಿಮಗ ನಾಚಿಕಿ ಐತೇನ್ರಿ?"

ಕಾಸಿಂಬಿ ಕೋಲು ಊರಿ ಹತ್ತಿರ ಬಂದಳು. "ತಮ್ಮಾ, ಆ ಮ್ಯಾಲಿನ ಹೊಲದ ಮಲಕಪ್ಪ ಒಡ್ಡಿನ ಗಿಡಾ ಎಲ್ಲಾ ಕಡದ. ಈಗ ಒಡ್ಡಿನ್ಯಾಗ ಬೇರು ಕೊಳತು ಬಿಲ ಬಿದ್ದಾವ. ಹೋಗಿ ನೋಡು."

"ನಿನಗ ಆಡಿನ ಚಿಂತಿ ಅಕ್ಕಾ. ಬನ್ನಿಕಾಯಿ ಸಿಗೂದಿಲ್ಲಂತ."

"ಹೌದೋ, ಆಡಿಂದೂ ಐತಿ. ಆಡು ಹುಟ್ಟಿಸಿದ ದೇವ್ರು ಬ್ಯಾರೆ, ನಿನ್ನ ಹುಟ್ಟಿಸಿದ ದೇವ್ರು ಬ್ಯಾರೆ ಅದಾನೇನು? ಗಿಡ ಹಚ್ಚಿದ್ರ ಹಕ್ಕಿ ತಿಂದದ್ದೂ ದಾನ ಅಂತಾರ ನಮ್ಮಾಗ. ನೀ ಗುಬ್ಬಿ ಲೆಕ್ಕಾ ಹಚ್ಚಾಕತ್ತೀದಿ."

"ಒಂದ ಗಿಡ ಕಡದ್ರ ಮಳಿ ನಿಂತು ಹೋಕ್ಕೈತೇನು?"

"ಎಲ್ಲಾರೂ ಒಂದ ಗಿಡಾನ ಕಡದೀರಿ! ಅಡವಿ ಹೆಂಗ ಬೋಳಾತು ಮತ್ತ? ಹವಾ ಕೆಟ್ಟೈತಿ, ಬಿಸಲ ಏರೈತಿ ಅಂತ ರೇಡಿಯೋದಾಗ ದಿನಾ ಒದರ್ತಾರ. ಮಳಿ ಈಗ ಕೇಳಿ ಬರೂದಿಲ್ಲ. ಬಂದಾಗ ಹಿಡ್ಕೊಳ್ಳಾಕ ಯಾರದಾರ?"

"ಪೂಜಿ ಮುಗಸ್ರಿ ಮೊದಲ," ಅಂದು ಕಾಶಪ್ಪ ಮುಖ ತಿರುಗಿಸಿದ. ಬಡಗಣ ಮುಗಿಲು ಕಪ್ಪಾಗಿತ್ತು.

ಅವನು ಭೂಮಿತಾಯಿಯ ಪಾಲಿನ ಎಡೆಯನ್ನು ಹೊಲದ ತುಂಬ ಚರಗ ಚೆಲ್ಲಿ ಬರುವಷ್ಟರಲ್ಲಿ ಮಳೆ ಬಿತ್ತು. ಸಾದಾ ಮಳೆಯಲ್ಲ, ಎದುರಿಗೆ ನಿಂತವರು ಕಾಣದಂಥದ್ದು. ಸ್ವಲ್ಪ ಹೊತ್ತಿಗೆ ಮೇಲಿನ ಹೊಲದಿಂದ ಮಲಕಪ್ಪನ ಕೂಗು ಕೇಳಿಸಿತು: "ಕಾಶಪ್ಪಾ, ಒಡ್ಡು ಒಡೀತೋ! ಸರೀರೋ!"

ಕೊಳೆತ ಬೇರಿನ ಬಿಲದಲ್ಲಿ ನೀರು ಹೊಕ್ಕು ಮಲಕಪ್ಪನ ಒಡ್ಡು ಸೀಳಿತ್ತು. ಕೆಸರು ನೀರು ಕಾಶಪ್ಪನ ಎಳೆ ಜೋಳ ಮುಚ್ಚಿ, ಕೆಳಗಿನ ಒಡ್ಡಿಗೆ ಬಂದು ಗುದ್ದಿತು. ಒಡ್ಡಿನ ಆ ತುದಿ ಕುಸಿಯಿತು. ಕುಸಿತ ಹೆಂಟೆ ಹೆಂಟೆಯಾಗಿ, ಬನ್ನಿಯ ಈಚೆ ನಿಂತಿದ್ದ ಇವರ ಕಡೆಗೇ ಬರತೊಡಗಿತು.

"ಇದೂ ಹೋದ್ರ ಮಣ್ಣು ಎಲ್ಲಾ ಹಳ್ಳಕ್ಕರೀ!" ಶಿವಲಿಂಗವ್ವ ಅಳುತ್ತಿದ್ದಳು.

ಕುಸಿತ ಬನ್ನಿಯ ಬೇರಿಗೆ ಬಂತು. ಬೇರು ಬಯಲಾದವು. ಗಿಡ ಅಲುಗಿತು. ಅಲ್ಲಿಂದ ಈಚೆ ಮಣ್ಣು ಬೀಳಲಿಲ್ಲ.

ಮಳೆ ನಿಂತಾಗ ಅರ್ಧ ಹೊಲ ಹೋಗಿತ್ತು. ಅರ್ಧ ಉಳಿದಿತ್ತು.

ಮರುದಿನ ಭಟ್ಟಿಯವರು ಕೊಡಲಿ ಹಿಡಿದು ಬಂದರು. ಬಯಲಾದ ಬೇರಿಗೆ ಮಣ್ಣು ಒತ್ತುತ್ತಿದ್ದ ಕಾಶಪ್ಪ ತಲೆ ಎತ್ತಿದ. ಗಿಡಕ್ಕೆ ಸುತ್ತಿದ ಸೀರೆ ಇನ್ನೂ ಹಸಿಯಾಗಿತ್ತು.

"ಬಸುರಿ ಮುಂದ ಕೊಡ್ಲಿ ತರ್ತೀರೇನ್ಲೇ? ನಡೀರಿ. ನಮ್ಮ ದನಕ್ಕ ಹಳೇ ಗೋಡಿ ಸಾಕು."

ಮಲಕಪ್ಪ ತಲೆ ತಗ್ಗಿಸಿ ಬಂದ. "ನನ್ನ ಒಡ್ಡಿಗೆ ಸಸಿ ಎಲ್ಲಿಂದ ತರ್ಲಿ?"

"ನನ್ನ ಆಡಿನ ಹಟ್ಟ್ಯಾಗ ಬನ್ನಿ ಸಸಿ ತಾವಾ ಹುಟ್ಟ್ಯಾವ, ಒಯ್ರಿ," ಅಂದಳು ಕಾಸಿಂಬಿ. "ಸುತ್ತ ಜಾಲಿಮುಳ್ಳ ಹಚ್ರಿ. ನನ್ನ ಆಡು ನಾ ಹೇಳಿದ್ದು ಕೇಳೂದಿಲ್ಲ."

ಅಣ್ಣಗಳಿರಾ, ಅಕ್ಕಗಳಿರಾ, ಸಿಟ್ಟಿಗೇಳಬೇಡಿರಿ, ಒಂದು ಮಾತು ಕೇಳುತ್ತೇನೆ. ವರ್ಷಕ್ಕೊಮ್ಮೆ ಭೂಮಿಗೆ ಕಡುಬು ಉಣಿಸಿ, ಉಳಿದ ದಿನ ಅವಳ ಮೈಮೇಲಿನ ಗಿಡ ಕಡಿದು ಮಾರಿದರೆ ಅದು ಯಾವ ಪೂಜೆ? ಗಿಡ ಕಾಯುವುದೇ ಪೂಜೆ. ಇಂದೇ ನಿಮ್ಮ ಒಡ್ಡಿಗೆ ಹೋಗಿರಿ. ಇದ್ದ ಗಿಡಕ್ಕೆ ಕೊಡಲಿ ಹಚ್ಚಬೇಡಿರಿ. ಬೋಳು ಇದ್ದಲ್ಲಿ ಬನ್ನಿಯೋ ಬೇವೋ ನೆಟ್ಟು, ಮುಳ್ಳು ಹಚ್ಚಿರಿ. ಮುಂದಿನ ಚಿತ್ತಿ ಮಳೆ ಹೇಗೆ ಬರುತ್ತದೋ ನಮಗೆ ಗೊತ್ತಿಲ್ಲ. ಅದು ಬಂದಾಗ ನಿಮ್ಮ ಮಣ್ಣು ಹಿಡಿದು ನಿಲ್ಲುವವರು ಒಬ್ಬರಾದರೂ ಇರಲಿ.