ಇನ್ನೊಂದು ಸೆಲ್

ಮಾರನೆಯ ದಿನ ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ನನ್ನ ಗಂಡನ ವಿಚಾರಣೆ. ಜೊತೆಗೆಲಸದ ಬಸವರಾಜು ಸತ್ತದ್ದು, ಎಲ್ಲರೂ ಕ್ರೇನ್ ಚಿಕ್ಕಣ್ಣ ಎಂದು ಕರೆಯುವ ಇವರ ತಪ್ಪಿನಿಂದಲೋ ಅಲ್ಲವೋ ಎಂದು ದೊಡ್ಡವರು ಕುಳಿತು ತೀರ್ಮಾನಿಸುವುದಿತ್ತು. ಇವರು ನೋಡಿದರೆ ಬಾಯಲ್ಲಿ ಕಡುಬು ಇಟ್ಟುಕೊಂಡವರಂತೆ ಗೋಡೆಗೊರಗಿ ಕೂತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇವರ ಕ್ರೇನಿನ ತುದಿಯಲ್ಲಿ ರೊಟ್ಟಿ ಹೆಂಚಿನಂಥ ದುಂಡನೆಯ ದೊಡ್ಡ ಮ್ಯಾಗ್ನೆಟ್ಟು ನೇತಾಡುತ್ತದೆ. ಒಂದು ಗುಂಡಿ ಒತ್ತಿ ಕರೆಂಟು ಕೊಟ್ಟರೆ ಗುಜರಿ ಕಬ್ಬಿಣವನ್ನು ಬಾಚಿ ತಬ್ಬಿಕೊಳ್ಳುತ್ತದೆ, ಇನ್ನೊಂದು ಒತ್ತಿದರೆ ಬಿಡುತ್ತದೆ. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಬಸವರಾಜು. ಬೋಗಾದಿಯಿಂದ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿಬರುತ್ತಿದ್ದರು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ದಸರಾ ರಜೆ ಮುಗಿದು ಕೆಲಸ ಶುರುವಾದ ದಿನವೇ ಎತ್ತಿದ ಕಬ್ಬಿಣವೆಲ್ಲ ಅವನ ಮೇಲೆ ಬಿತ್ತು.

ಆ ಸಂಜೆ ಇವರು ಹೇಳಿದ್ದು ಒಂದೇ ಮಾತು, “ಕರೆಂಟ್ ಹೋಗಿ ಬಂತು.” ಆಮೇಲೆ ಬಾಯಿಗೆ ಬೀಗ.

ಮ್ಯಾನೇಜರ್ ಚಂದ್ರಮೌಳಿ ಮನೆಗೇ ಬಂದು ಹೇಳಿಹೋದ. “ಕರೆಂಟ್ ಹೋದ್ರೂ ನಮ್ಮ ಮ್ಯಾಗ್ನೆಟ್ ಮಾಲು ಬಿಡಲ್ಲ ಕಣಮ್ಮ. ನಿಮ್ಮ ಯಜಮಾನ್ರು ಎಲ್ಲೋ ನೋಡ್ಕೊಂಡು ಗುಂಡಿ ಒತ್ತಿದ್ದಾರೆ.”

ಮ್ಯಾನೇಜರನ ಮಾತನ್ನಾದರೂ ತಡೆದುಕೊಂಡೇನು. ತಿಥಿಯ ದಿನ ಬಸವರಾಜುವಿನ ಹೆಂಡತಿ ಮುದ್ದಮ್ಮ ಕೇಳಿದ್ದನ್ನು ತಡೆಯಲಾಗಲಿಲ್ಲ. “ಅಣ್ಣಾ, ನೀವು ಗುಂಡಿ ಒತ್ತಿದ್ರಾ? ಇಲ್ಲ ಅನ್ನಿ, ನಂಬ್ತೀನಿ. ಅವ್ರು ನಿಮ್ಮ ಕೈಯಿಂದ ಹೋದ್ರು ಅನ್ಕೊಂಡು ನಾನು ಎಂಗೆ ಬದುಕ್ಲಿ?” ಇವರು ಎಲೆಯ ಮುಂದಿನಿಂದ ಎದ್ದು ಬಂದುಬಿಟ್ಟರು. ಇಲ್ಲ ಅನ್ನಲು ಏನು ದೊಡ್ಡರೋಗ ಇವರಿಗೆ?

ವಿಚಾರಣೆಯ ಹಿಂದಿನ ಸಂಜೆ ನಮ್ಮ ಮಾನಸ ಸ್ಕೂಲಿನಿಂದ ಏದುಸಿರು ಬಿಡುತ್ತ ಬಂದಳು. ಹತ್ತನೇ ಕ್ಲಾಸಿನ ಹುಡುಗಿ, ಅಪ್ಪನೆಂದರೆ ಪ್ರಾಣ.

“ಅಮ್ಮಾ, ಮ್ಯಾನೇಜರ್ ಹೇಳಿದ್ದು ಶುದ್ಧ ಸುಳ್ಳು. ಇವತ್ತು ಪ್ರೇಮಲೀಲಾ ಮಿಸ್ ಅದನ್ನೇ ಪಾಠ ಮಾಡಿದ್ರು. ಕರೆಂಟ್ ಹರಿಯೋವರ್ಗೂ ಮಾತ್ರ ಅದು ಮ್ಯಾಗ್ನೆಟ್ಟು. ನಿಂತ್ರೆ ಬರೀ ಕಬ್ಬಿಣ!”

ಚೀಲ ಎಸೆದು ಅಟ್ಟದಿಂದ ಕೆಟ್ಟ ಮಿಕ್ಸಿ ಇಳಿಸಿದಳು. ಅದರ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚಿ, ತುದಿಗಳನ್ನು ಬ್ಲೇಡಿನಿಂದ ಕೆರೆದು, ಒಂದು ದಪ್ಪ ಮೊಳೆಗೆ ಒತ್ತೊತ್ತಾಗಿ ಸುತ್ತಿದಳು. ತುದಿಗಳನ್ನು ಟಾರ್ಚಿನ ಸೆಲ್ಲಿಗೆ ಮುಟ್ಟಿಸಿ ಮೊಳೆಯನ್ನು ಗುಂಡುಪಿನ್ನಿನ ರಾಶಿಗೆ ಹಿಡಿದರೆ ಪಿನ್ನುಗಳು ಗೊಂಚಲಾಗಿ ಜೋತುಬಿದ್ದವು. ಒಂದು ತುದಿ ತೆಗೆದಳು. ಎಲ್ಲವೂ ನೆಲಕ್ಕೆ ಉದುರಿದವು.

“ನೋಡಪ್ಪ, ನೀನು ಗುಂಡಿ ಮುಟ್ಟಲೇಬೇಕಾಗಿಲ್ಲ. ಕರೆಂಟ್ ಒಂದು ಗಳಿಗೆ ಹೋಗಿ ಬಂದ್ರೂ ಸಾಕು.”

ನನಗೆ ಅಳು ಬಂತು. ಇಷ್ಟು ದಿನ ಎದೆಯ ಮೇಲಿದ್ದ ಬಂಡೆ ಸರಿದಂತಾಯಿತು. “ಇದನ್ನೇ ತಗೊಂಡೋಗಿ ಅವ್ರ ಮುಂದೆ ಮಾಡಿ ತೋರ್ಸಿ. ಆ ಚಂದ್ರಮೌಳಿ ಮುಖ ಹೆಂಗಾಗುತ್ತೆ ನೋಡೋಣ,” ಎಂದೆ.

ಇವರು ಎದ್ದರು. ಗೋಡೆ ಗಡಿಯಾರ ಇಳಿಸಿ ಅದರ ಸೆಲ್ ತೆಗೆದು ಮಗಳ ಕೈಗಿಟ್ಟರು.

“ಇದನ್ನ ಅದರ ಪಕ್ಕದಲ್ಲಿ ಸೇರ್ಸು ಮಗಾ. ತಲೆಗೆ ತಲೆ, ಬುಡಕ್ಕೆ ಬುಡ.”

ಸೇರಿಸಿದಳು. ಪಿನ್ನುಗಳು ಮತ್ತೆ ಜೋತುಬಿದ್ದವು.

“ಈಗ ಟಾರ್ಚಿಂದು ತೆಗ್ದುಬುಡು.”

ತೆಗೆದಳು. ಒಂದು ಪಿನ್ನೂ ಬೀಳಲಿಲ್ಲ. ಮಾನಸ ನಕ್ಕಳು, ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

“ಮ್ಯಾನೇಜರ್ ಹೇಳಿದ್ದು ನಿಜ,” ಎಂದರು ಇವರು. “ಕರೆಂಟ್ ಹೋದ್ರೆ ಹಿಡ್ಕೊಳ್ಳಕ್ಕೆ ಅಂತ್ಲೇ ಬ್ಯಾಟ್ರಿ ಸಾಲಿದೆ. ಆಯುಧಪೂಜೆ ದಿನ ಕರೆಂಟ್ ಹೋಗೋದು ಬರೋದು ಮಾಡ್ತಿತ್ತು. ಚಾಮುಂಡಿ ತಾಯಿ ಮುಂದಿನ ಸೀರಿಯಲ್ ದೀಪ ಆರಬಾರದು ಅಂತ ಸಾಲಿಂದ ಒಂದು ಬ್ಯಾಟ್ರಿ ಬಿಚ್ಕೊಂಡು ಬಂದೆ. ಒಂದಿಲ್ದಿದ್ರೆ ಇಡೀ ಸಾಲೇ ಸತ್ತಂಗೆ.”

“ಮತ್ತೆ ಹಾಕ್ಲಿಲ್ವಾ?” ಎಂದೆ.

“ರಜಾ ಮುಗ್ಸಿ ಬಂದಾಗ ಮರ್ತೋಗಿತ್ತು. ಬ್ಯಾಟ್ರಿ ಇಲ್ಲ ಅಂತ ಕೆಂಪು ದೀಪ ಹತ್ಕೊಂಡೇ ಇತ್ತು. ಅದರ ಮೇಲೆ ಪೂಜೆ ಹಾರ. ಒಣಗೋ ಮುಂಚೆ ದೇವರ ಹೂವು ಕೀಳಬೇಡ್ರೋ ಅಂತ ಎಲ್ರಿಗೂ ಹೇಳ್ದೋನು ನಾನೇ.” ಮತ್ತೆ ಗೋಡೆಗೊರಗಿ ಕೂತು ಹೇಳಿದರು, “ಎಲ್ರೂ ಅವನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು, ಮಂಗಳ. ನಾನು ಹಿಂದೆ ಉಳ್ಕೊಂಡು ಬ್ಯಾಟ್ರಿ ವಾಪಸ್ ಹಾಕ್ಬುಟ್ಟೆ.”

ಬಸವರಾಜು ರಕ್ತ ಸುರಿಸುತ್ತಿದ್ದಾಗ ಇವರು ಅದನ್ನು ಮಾಡುತ್ತಿದ್ದರು. ನನಗೆ ಹೇಸಿಗೆಯಾಯಿತು. ಆದರೂ ಬಾಯಿಂದ ಬಂದದ್ದು ಬೇರೆ.

“ಬಾಯಿ ಮುಚ್ಕೊಂಡಿರಿ. ನಾಳೆ ಕರೆಂಟ್ ಹೋಗಿ ಬಂತು ಅನ್ನಿ, ಸಾಕು. ಅದೇನು ಸುಳ್ಳಾ?”

ಮಾನಸ ಸೆಲ್ಲನ್ನು ಗಡಿಯಾರಕ್ಕೆ ಹಾಕಿ ಅದನ್ನು ಗೋಡೆಗೆ ತಗುಲಿಸಿದಳು. ಟೈಮು ಸರಿಮಾಡಲಿಲ್ಲ. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಬೆಳಗ್ಗೆ ನನ್ನನ್ನೂ ಹಿಂದೆ ಕೂರಿಸಿಕೊಂಡು ಫ್ಯಾಕ್ಟರಿಗೆ ಹೊರಟವರು ಮುದ್ದಮ್ಮನ ಮನೆ ಮುಂದೆ ಬೈಕು ನಿಲ್ಲಿಸಿದರು. “ಬೇಡ ಕಣ್ರೀ,” ಎಂದು ಹಿಂದಿನಿಂದ ಶರ್ಟು ಜಗ್ಗಿದೆ. ಕೇಳಿಸಿಕೊಳ್ಳದೆ ಒಳಗೆ ಹೋದರು, ನಾನೂ ಹಿಂದೆಯೇ ಹೋದೆ.

ನಡುಮನೆಯ ಗೋಡೆಯಲ್ಲಿ ಬಸವರಾಜುವಿನ ಫೋಟೋ. ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ತೆಗೆದದ್ದು. ಹಣೆ ತುಂಬ ಕುಂಕುಮ, ಕೈಯಲ್ಲಿ ಬೂದುಗುಂಬಳಕಾಯಿ, ಪಕ್ಕದಲ್ಲೇ ಉರಿಯುವ ಸೀರಿಯಲ್ ದೀಪ.

“ನಾನು ಗುಂಡಿ ಒತ್ತಲಿಲ್ಲ ಕಣಮ್ಮ,” ಎಂದರು.

ಮುದ್ದಮ್ಮ ಎರಡೂ ಕೈ ಎತ್ತಿ ಮುಗಿದಳು. “ನನಗೊತ್ತಿತ್ತು ಅಣ್ಣ. ಇಷ್ಟು ಸಾಕು ನಂಗೆ.”

ಅಲ್ಲಿಗೇ ನಿಲ್ಲಿಸಲಿ ಎಂದು ಚಾಮುಂಡಿ ತಾಯಿಗೆ ಹರಕೆ ಹೊತ್ತೆ. ಇವರು ನಿಲ್ಲಿಸಲಿಲ್ಲ.

“ಆದ್ರೆ ಅವನ ತಲೆ ಕಾಯೋ ಬ್ಯಾಟ್ರಿನ ನಾನೇ ಬಿಚ್ಚಿದ್ದೆ. ಆ ದೀಪಕ್ಕೆ ಅಂತ.” ಬೆರಳು ಫೋಟೋದ ಕಡೆಗಿತ್ತು.

ಮುದ್ದಮ್ಮ ತಿರುಗಿ ಫೋಟೋ ನೋಡಿದಳು. ಮುಗಿದ ಕೈ ಇಳಿಸುವುದನ್ನೂ ಮರೆತು ನೋಡುತ್ತಲೇ ನಿಂತಳು.

“ಬೆಳಕು ಬಿದ್ದು ಮುಖ ಚೆಂದಾಗಿ ಬಂದದೆ ಅಂತ,” ಎಂದಳು, “ಇದ್ದ ಫೋಟೋದಲ್ಲೆಲ್ಲ ಇದನ್ನೇ ಆರಿಸಿ ದೊಡ್ಡದು ಮಾಡಿಸ್ದೆ ಅಣ್ಣ.”