ಅಗಲ ಬೆಳಕು

“ಅಗಲಾ ಹೀ ತೋ ದಿಖಾ ರಹಾ ಹೂಂ, ಮೌಸಿ!” ಸೈಕಲ್ ಅಂಗಡಿಯವನು ನಾಲ್ಕನೆಯ ಲೈಟನ್ನು ಗಾಜಿನ ಕೌಂಟರಿನ ಮೇಲಿಟ್ಟು ಉಸ್ಸೆಂದ.

“ಏ ಅಗಲಾ ನಹೀ ಹೈ ರೇ. ಮುಝೇ ಅಗಲಾ ಮಾಂಗ್ತಾ,” ಎಂದಳು ಭಾಗವ್ವ.

“ಏ ಭೀ ಅಗಲಾ, ಓ ಭೀ ಅಗಲಾ. ಪಿಛಲಾ ತೋ ಲಾಲ್ ಹೋತಾ ಹೈ!”

ಭಾಗವ್ವ ಅಷ್ಟಕ್ಕೆಲ್ಲ ಸೋಲುವ ಹೆಂಗಸಲ್ಲ. ಎರಡೂ ಕೈ ಚಾಚಿದಳು. ಒಂದು ಕೈ ನೇತುಹಾಕಿದ ಟ್ಯೂಬುಗಳಿಗೆ ಬಡಿಯಿತು, ಇನ್ನೊಂದು ಪಕ್ಕದ ಗಿರಾಕಿಯ ಮೂಗಿನ ತನಕ ಹೋಯಿತು. “ಇತ್ನಾ! ಇತ್ನಾ ಅಗಲಾ!”

ಅಂಗಡಿಯವನು ಹಣೆ ಬಡಿದುಕೊಂಡ. “ಅರೇ, ಚೌಡಾ! ಚೌಡಾ ಬೋಲೋ ನಾ!”

ಹಿಂದಿಯಲ್ಲಿ ‘ಅಗಲಾ’ ಎಂದರೆ ಮುಂದಿನದು, ಅಗಲಕ್ಕೆ ‘ಚೌಡಾ’ ಅನ್ನಬೇಕು ಅಂತ ಆಕೆಗೆ ಗೊತ್ತಾದದ್ದು ಅವತ್ತೇ. ಮುಂಬೈಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಅದರಲ್ಲಿ ಹತ್ತು ವರ್ಷ ಇಂಡಿ ತಾಲೂಕಿನವರ ಜೊತೆಗೇ ಗಾರೆ ಹೊತ್ತವಳಿಗೆ ಹಿಂದಿ ಅಷ್ಟಕ್ಕಷ್ಟೆ. ಮೂಗು ಉಳಿಸಿಕೊಂಡ ಗಿರಾಕಿ ನಕ್ಕ. ಭಾಗವ್ವನೂ ನಕ್ಕಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಈಗ ಆಕೆಯ ಕೆಲಸ ರಮಾನಾಥ ಶೆಟ್ಟರ ಹೋಟೆಲಿನಲ್ಲಿ. ಜೋಗೇಶ್ವರಿಯ ಗುಡ್ಡದ ಮೇಲಿನ ಚಾಳಿನಿಂದ ನಾಲ್ಕು ಕಿಲೋಮೀಟರು. “ಐದಕ್ಕೆ ಕಾಯಿ ತುರಿದಾಗ್ಬೇಕು ಮಾರಾಯ್ತಿ. ಬರ್ಲಿಕ್ಕೆ ಆಗ್ತದಾ ಇಲ್ವಾ, ಈಗ್ಲೇ ಹೇಳು. ಇಲ್ಲಾಂದ್ರೆ ಬೇರೆಯವಳನ್ನು ನೋಡ್ತೇನೆ,” ಎಂದಿದ್ದರು ಶೆಟ್ಟರು. ಆ ಹೊತ್ತಿಗೆ ಬಸ್ಸಿಲ್ಲ, ರಿಕ್ಷಾಕ್ಕೆ ಕೊಟ್ಟರೆ ಪಗಾರದಲ್ಲಿ ಉಳಿಯುವುದಿಲ್ಲ. ನಲವತ್ತನೆಯ ವಯಸ್ಸಿಗೆ ಸೀರೆ ಎತ್ತಿ ಕಟ್ಟಿ ಸೈಕಲ್ ಕಲಿತಿದ್ದಳು. ಕಲಿತದ್ದೇನೋ ಸರಿ, ರಸ್ತೆ ಅಗೆದಿದ್ದರು, ಕಂಬದ ದೀಪಗಳನ್ನೂ ಕಿತ್ತಿದ್ದರು. ಮೊನ್ನೆ ಬೆಳಗಿನ ಜಾವ ಗುಂಡಿಯೊಳಗೆ ಮುಂದಿನ ಗಾಲಿ ಇಳಿದು, ಮೊಣಕೈ ಕೆತ್ತಿಹೋಗಿತ್ತು.

ಗಂಡ ಖಂಡಪ್ಪ ಅದೇ ರಸ್ತೆಯ ಒಂದು ಬಿಲ್ಡಿಂಗಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ಗಾಯಕ್ಕೆ ಅರಿಶಿನ ಮೆತ್ತುತ್ತಲೇ ಬೈದಿದ್ದ. “ಹೆಣ್ಮಗಳು ಕತ್ತಲಾಗ ಸೈಕಲ್ ಹೊಡದು ಯಾವ ಕಿರೀಟ ಇಡಿಸ್ಕೊಬೇಕಾಗೇತಿ? ಇನ್ನೊಮ್ಮೆ ಬಿದ್ದಿ ಅಂದ್ರ ಅದನ್ನ ಗುಜರಿಗೆ ಹಾಕ್ತೀನಿ ನೋಡು. ಕೆಲಸಾನೂ ಸಾಕು, ಸೈಕಲ್ಲೂ ಸಾಕು.”

“ಮಂದಿ ಬಿಲ್ಡಿಂಗ್ ಕಾಯಾಕ ನಿಮ್ಮ ಕೈಯಾಗ ಬ್ಯಾಟರಿ ಕೊಟ್ಟಾರ,” ಅಂದಿದ್ದಳು ಆಕೆ. “ನನ್ನ ದಾರಿಗೊಂದು ಬೆಳಕ ಇರಬಾರ್ದೇನ್ರಿ?”

ಅಂಗಡಿಯವನು ದೊಡ್ಡ ಲೈಟೊಂದನ್ನು ಹೊತ್ತಿಸಿ ಎದುರಿನ ಗೋಡೆಗೆ ಹಿಡಿದ. “ಏಕ್ ಕಿಲೋಮೀಟರ್ ಜಾಯೇಗಾ. ನೌ ಸೌ.”

“ಕಿಲೋಮೀಟರ್ ಕ್ಯಾ ಕರೂಂ? ಮೇರಾ ಗಡ್ಢಾ ತೋ ಚಾಕ್ ಕೇ ಸಾಮನೇ ಹೈ,” ಎಂದಳು ಭಾಗವ್ವ. ಬೀಳಿಸುವ ಗುಂಡಿ ಇರುವುದು ಗಾಲಿಯ ಮುಂದೆ, ಕಿಲೋಮೀಟರಿನಾಚೆ ಅಲ್ಲ. ಸಂಜೆಯ ಬೆಳಕಿನಲ್ಲಿ ಎಲ್ಲ ಲೈಟುಗಳೂ ಒಂದೇ ಥರ ಕಾಣುತ್ತಿದ್ದವು. “ಅಂಧೇರಾ ಕಿಧರ್ ಹೈ?” ಎಂದು ಕೇಳಿದಳು.

ಅಂಗಡಿಯ ಹಿಂದೆ ಮಹಡಿ ಮೆಟ್ಟಿಲ ಕೆಳಗೆ ಮೀಟರುಗಳ ಜಾಗ. ಹಗಲಲ್ಲೂ ಅಲ್ಲಿ ಕತ್ತಲು. ಆಕೆ ತನ್ನ ಸೈಕಲ್ಲನ್ನು ಅಲ್ಲಿಗೇ ತಳ್ಳಿಕೊಂಡು ಹೋದಳು. ಕಾಲಿನ ಚಪ್ಪಲಿ ಕಳಚಿ, ಎಡಕ್ಕೊಂದು ಬಲಕ್ಕೊಂದು ಎರಡು ಮಾರು ದೂರದಲ್ಲಿಟ್ಟು, ಸೀಟಿನ ಮೇಲೆ ಕೂತಳು. “ಒಂದೊಂದೇ ಲಗಾವ್.”

“ಸಿನಿಮಾ ದೇಖನೇ ಆಯೀ ಹೋ ಕ್ಯಾ?” ಗೊಣಗುತ್ತಲೇ ಅವನು ಹ್ಯಾಂಡಲಿಗೆ ಲೈಟು ಸಿಕ್ಕಿಸಿದ.

ಒಂಬೈನೂರರದ್ದು ಗೋಡೆಯ ಮೇಲೆ ಬೆಳ್ಳಗೆ ತಟ್ಟೆಯಷ್ಟು ಬೆಳಕು ಬಿಟ್ಟಿತು. ಚಪ್ಪಲಿಗಳೆರಡೂ ಕತ್ತಲಲ್ಲೇ ಉಳಿದವು. ಇನ್ನೊಂದು ಮಿಣಮಿಣ ಮಿನುಗಿತು. “ಇದು ಗಣಪತಿ ಮಂಟಪಕ್ಕ ಛಲೋ,” ಎಂದಳು. ಮೂರನೆಯದು ಪ್ಲಾಸ್ಟಿಕ್ಕಿನದು, ಮುನ್ನೂರರದ್ದು. ಬೆಳಕೂ ತುಸು ಹಳದಿ. ಹೊತ್ತಿಸಿದಾಗ ನೆಲವೆಲ್ಲ ಚಾಪೆ ಹಾಸಿದಂತಾಯಿತು. ಎಡದ ಚಪ್ಪಲಿ ಕಂಡಿತು, ಬಲದ್ದೂ ಕಂಡಿತು, ನಡುವೆ ಓಡುತ್ತಿದ್ದ ಜಿರಲೆಯ ಮೀಸೆ ಕೂಡ.

“ಯೇಹೀಚ್ ಮಾಂಗ್ತಾ! ಇದs ಬೇಕು!” ಎಂದಳು ಭಾಗವ್ವ.

“ಇಸ್ಕಾ ಗ್ಯಾರಂಟಿ ನಹೀ, ಮೌಸಿ. ಬಡಾ ವಾಲಾ ಲೇ ಲೋ.”

“ತೇರಾ ಗ್ಯಾರಂಟಿ ನಕೋ. ಮೈಂನೇ ದೇಖಾ ನಾ.” ಆಕೆ ಲೈಟಿನ ಮೂತಿಯನ್ನು ಹೆಬ್ಬೆರಳಿನಿಂದ ತುಸು ಕೆಳಕ್ಕೆ ಒತ್ತಿದಳು. ಅವನು ನೆಟ್ಟಗೆ ಮಾಡಿದ. ಆಕೆ ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಅವನೇ ಸೋತು ಸ್ಕ್ರೂ ಬಿಗಿದ.

ಮರುದಿನ ಬೆಳಗಿನ ಜಾವ ನಾಲ್ಕೂಕಾಲಿಗೆ ಚಾಳಿನಿಂದ ಇಳಿದಳು. ಬಿದ್ದ ಜಾಗ ಬರುವ ಮೊದಲೇ ಗುಂಡಿ ಕಂಡಿತು. ಅದರ ಅಂಚು, ಒಳಗೆ ನಿಂತ ನೀರು, ಪಕ್ಕದಲ್ಲಿ ಒಂದು ಗಾಲಿಗೆ ಸಾಲುವಷ್ಟು ಗಟ್ಟಿ ನೆಲ. ಭಾಗವ್ವ ಉಸಿರು ಬಿಗಿಹಿಡಿದು ಆ ನೆಲದ ಮೇಲೆಯೇ ದಾಟಿದಳು.

ಮುಂದೆ ಒಂದು ಬಿಲ್ಡಿಂಗಿನ ಗೇಟಿನ ಹೊರಗೆ, ಹಾಲಿನ ಟೆಂಪೋ ಬರುವ ದಾರಿ ಕಾಯುತ್ತ, ನೀಲಿ ಅಂಗಿಯ ವಾಚ್‌ಮನ್ ರಸ್ತೆ ನಡುವೆ ನಿಂತಿದ್ದ. ಆ ನಿಲುವಿನಲ್ಲೇ ಆಕೆಗೆ ಗುರುತು ಸಿಕ್ಕಿತು. ಖಂಡಪ್ಪ ಕಣ್ಣಿಗೆ ಅಂಗೈ ಅಡ್ಡ ಹಿಡಿದ.

“ಆರಾಮ್ ಸೇ, ಭಾವೂ, ಆರಾಮ್ ಸೇ,” ಎನ್ನುತ್ತ, ಬೆಳಕಿನ ಹಿಂದಿರುವುದು ಯಾರೋ ಗಂಡಸೆಂದುಕೊಂಡು, ಬದಿಗೆ ಸರಿದು ದಾರಿ ಬಿಟ್ಟ.

ಭಾಗವ್ವ ಪೆಡಲ್ ತುಳಿಯುತ್ತಲೇ ಹೋದಳು. ಬೆಳಕು ಅವನ ಮೊಣಕಾಲನ್ನೂ ಚರಂಡಿಯ ಕಟ್ಟೆಯನ್ನೂ ಸವರಿ ಮುಂದೆ ಹೋಯಿತು. ಅಗೆದ ರಸ್ತೆಯ ಜಲ್ಲಿ ಒಂದೊಂದೇ ಕಲ್ಲಾಗಿ ಕಾಣತೊಡಗಿತು.