ಗೀರು ಕಾಣದ ಹಿಡಿಕೆ

ಕಲ್ಲುಕುಟಿಗ ಬೋರಯ್ಯ ಉಳಿ ಎತ್ತುವ ಮೊದಲು ಸುತ್ತಿಗೆಯಿಂದ ಕಲ್ಲನ್ನು ಮೆಲ್ಲಗೆ ತಟ್ಟಿ, ಕಿವಿಯೊಡ್ಡಿ ಕೇಳುತ್ತಿದ್ದ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತಿತ್ತು. ಒಳಗೆ ಸೀಳಿದ್ದರೆ ಒಡಕು ಮಡಕೆಯ ಬೊದ್ದು ಸದ್ದು. ಅಂದು ಅವನು ಕಲ್ಲಿನ ಮೇಲೆ ಕಲ್ಲು ತಟ್ಟಿ, ಬೇಡವೆಂದು ತಳ್ಳುತ್ತಲೇ ಇದ್ದ. ಸತ್ತ ಜಡೆಯನ ಹೆಸರಿನಲ್ಲಿ ನಿಲ್ಲಬೇಕಾದ ಕಲ್ಲು ಅದು. ಪಕ್ಕದಲ್ಲಿ ನಿಂತಿದ್ದ ನನ್ನ ಜೇಬಿನಲ್ಲಿ ಹೆಬ್ಬೆರಳುದ್ದದ ಕರಿಯ ತುಂಡೊಂದಿತ್ತು. ಅದನ್ನೂ ನಾನು ತಟ್ಟಿ ನೋಡಿದ್ದೆ.

ನಮ್ಮ ಊರಿನಲ್ಲಿ ಒಂದು ಪದ್ಧತಿಯಿತ್ತು. ಊರು ಕಾಯಲು ಹೋಗಿ ಕಾಡುಮೃಗದ ಬಾಯಿಗೆ ಬಿದ್ದವರಿಗೆ ಊರಬಾಗಿಲ ಬೇವಿನ ಕೆಳಗೆ ಕಲ್ಲು ನಿಲ್ಲಿಸಿ, ವರ್ಷಕ್ಕೊಮ್ಮೆ ದೀಪ ಇಡುತ್ತಿದ್ದರು. ತನ್ನದೇ ಕೈತಪ್ಪಿನಿಂದ ಸತ್ತವನಿಗೆ ಮಾತ್ರ ಕಲ್ಲಿಲ್ಲ. ಈ ವಿಷಯದಲ್ಲಿ ಹಿರಿಯರು ಬಲು ಬಿಗಿ. ಕುಡಿದು ಹೋಗಿ ಕರಡಿಗೆ ಸಿಕ್ಕಿದ ಪಟೇಲರ ತಮ್ಮನಿಗೇ ಅವರು ಕಲ್ಲು ಕೊಟ್ಟಿರಲಿಲ್ಲ.

ನಾನು ಅಪ್ಪನ ಕುಲುಮೆಯಲ್ಲೇ ಬಂದೂಕು ರಿಪೇರಿ ಮಾಡಿಕೊಂಡಿದ್ದೆ. ಬೆಟ್ಟದ ಕಡೆ ಸೌದೆಗೆ ಹೋದ ಹೆಂಗಸರನ್ನು ಚಿರತೆಯೊಂದು ಹಿಡಿಯತೊಡಗಿದಾಗ ಕಾಡಿನ ಅಧಿಕಾರಿಗಳು ಚನ್ನಿಗಪ್ಪಗೌಡರ ಮನೆಗೆ ಬಂದರು. ಸುತ್ತಲ ಸೀಮೆಯಲ್ಲಿ ಅವರಂಥ ಗುರಿಕಾರರಿರಲಿಲ್ಲ. ಆದರೆ ಅವರ ಬಲಭುಜ ಸೋತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜನವಲ್ಲ ಅವರು. ಒಂದು ದಿನ ರೈಫಲ್ ಹಿಡಿದು ನನ್ನಲ್ಲಿಗೆ ಬಂದು, ದುರ್ಬೀನನ್ನು ಬಂದೂಕಿನ ಬೆನ್ನಿಗೆ ಕಟ್ಟುವ, ಎರಡು ಉಂಗುರಗಳ ಹಿಡಿಕೆಯೊಂದನ್ನು ಮುಂದಿಟ್ಟರು. ಚಾಪೆಯ ಹೆಣಿಗೆಯಂತೆ ಕಾಣುವ, ಮಿರುಗುವ ಕರಿ ವಸ್ತು.

"ಆಚಾರಿ, ಕಬ್ಬಿಣದ್ದು ತೆಗೆದು ಇದನ್ನ ಕೂರಿಸು. ಕಾರ್ಬನ್ ಫೈಬರ್. ವಿಮಾನಕ್ಕೆ ಹಾಕೋದಂತೆ."

"ನೀವು ಹಾರಕ್ಕೆ ಹೋಗ್ತಿಲ್ವಲ್ಲ ಗೌಡ್ರೆ."

ಅವರು ನಕ್ಕರು. ನಾನು ಎರಡನ್ನೂ ಅಂಗೈಗಳಲ್ಲಿಟ್ಟು ತೂಗಿ ನೋಡಿದೆ. ಉಳಿಯುವ ತೂಕ ಎರಡು ನಿಂಬೆಹಣ್ಣಿನಷ್ಟು. ಇದು ಬಿದಿರಿನ ಜಾತಿ, ಎಳೆಯ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಅಡ್ಡ ಪೆಟ್ಟಿಗೆ ಮಾತ್ರ ನಂಬಿಕೆಯಿಲ್ಲ ಎಂದು ಹೇಳಿದೆ. ಸ್ಕ್ರೂ ಬಿಗಿದು ಹಿಸುಕುವ ಜಾಗಕ್ಕೆ ಇದು ಬೇಡ ಎಂದೂ ಹೇಳಿದೆ.

"ಬೆಟ್ಟ ಹತ್ತೋವಾಗ ನಿಂಬೆಹಣ್ಣೂ ತೆಂಗಿನಕಾಯಿ ಆಯ್ತದೆ ಕಣೋ. ಕೂರಿಸು."

ಕೂರಿಸಿಕೊಟ್ಟೆ. ಸಂಜೆಯ ಹೊತ್ತಿಗೆ ಕೆರೆಯಂಗಳದಲ್ಲಿ ಹಾರಿಸಿ ನೋಡಿದರು. ಗುಂಡುಗಳೆಲ್ಲ ಒಂದು ವೀಳ್ಯದೆಲೆ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ನಾನು ಸೋತೆನೆಂದು ಒಪ್ಪಿಕೊಂಡೆ. ಕಾಡಿನಲ್ಲಿ ಹೆಜ್ಜೆ ನೋಡಿ ದಾರಿ ಹೇಳುತ್ತಿದ್ದ ಜಡೆಯ, ಇನ್ನು ಇದನ್ನು ಕೂಸಿನಂತೆ ಎತ್ತಿಕೊಳ್ಳಬಹುದು ಎನ್ನುತ್ತ ರೈಫಲನ್ನು ಹೆಗಲಿಗೇರಿಸಿಕೊಂಡ. ಅವನೂ ಗೌಡರೂ ಹಳ್ಳ ದಾಟಿ ಮನೆಯತ್ತ ನಡೆದರು.

ಮರುದಿನ ಬೆಳಕು ಹರಿಯುತ್ತಲೇ ಚಿರತೆ ಬಂಡೆಯ ಮೇಲೆ ಸಿಕ್ಕಿತು. ಗೌಡರಿಗೆ ಅದು ಮಕ್ಕಳಾಟದ ಗುರಿ. ಗುಂಡು ಎದೆಗೆ ಬೀಳುವ ಬದಲು ಹಿಂಗಾಲಿಗೆ ಬಿತ್ತು. ಗಾಯಗೊಂಡ ಮೃಗ ಲಂಟಾನ ಪೊದೆ ಹೊಕ್ಕಿತು. ಅದನ್ನು ಹಾಗೇ ಬಿಟ್ಟು ಬರುವಂತಿರಲಿಲ್ಲ. ನೆತ್ತರಿನ ಜಾಡು ಹಿಡಿದು ಜಡೆಯ ಮುಂದೆ ಹೋದ. ಗೌಡರ ಎರಡನೆಯ ಗುಂಡಿಗೆ ಚಿರತೆ ಸತ್ತಿತು, ಆದರೆ ಜಡೆಯನ ಮೈಮೇಲೆ. ಊರು ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಗೌಡರ ಕಣ್ಣಿಗೆ ಪೊರೆ ಬಂದಿದೆ ಎಂದು ಊರು ತೀರ್ಮಾನಿಸಿತು. ಅವರ ಮುಂದೆ ನಿಲ್ಲುವುದಕ್ಕಿಂತ ಚಿರತೆಯ ಮುಂದೆ ನಿಲ್ಲುವುದೇ ವಾಸಿ ಎಂದು ಟೀ ಅಂಗಡಿಯಲ್ಲಿ ಅವರಿಗೆ ಕೇಳುವಂತೆಯೇ ಆಡಿಕೊಂಡರು. ಗೌಡರು ನೇರ ಕುಲುಮೆಗೆ ಬಂದರು. ರೈಫಲನ್ನು ನನ್ನ ಮುಂದಿಟ್ಟು, ದುರ್ಬೀನು ಬಿಚ್ಚಿಕೊಡು, ಇದನ್ನು ಸ್ಟೇಷನ್ನಿಗೆ ಒಪ್ಪಿಸಿಬಿಡುತ್ತೇನೆ ಎಂದು ಹೇಳಿ ಹೋದರು.

ನಾನು ಹಿಡಿಕೆಯನ್ನು ಬಿಸಿಲಿಗೆ ತಿರುವಿ ನೋಡಿದೆ. ಒಂದು ಗೀರೂ ಇರಲಿಲ್ಲ. ಸುಮ್ಮನೆ ನಾಣ್ಯದಿಂದ ತಟ್ಟಿದೆ. ಮುಂದಿನ ಉಂಗುರ ಟಣ್ ಎಂದಿತು, ಹಿಂದಿನದು ಬೊದ್ದೆಂದಿತು. ಸ್ಕ್ರೂ ಸಡಿಲಿಸಿ ಉಗುರಿನಿಂದ ಒತ್ತಿದರೆ ಒಳಗಿನ ಪದರಗಳು ಒದ್ದೆ ರಟ್ಟಿನಂತೆ ಬಿಟ್ಟುಕೊಂಡವು, ತುಂಡೊಂದು ಕೈಗೆ ಬಂತು. ಅಲ್ಲಿ ಕೂದಲೆಳೆಯಷ್ಟು ಜರುಗಿದರೆ ಗುರಿಯಲ್ಲಿ ಮೊಳದುದ್ದ ತಪ್ಪುತ್ತದೆ. ಇದು ಗುಂಡಿನ ಒದೆತದಿಂದ ಆದದ್ದಲ್ಲ. ಹೊರಗಿನಿಂದ ಬಿದ್ದ ಅಡ್ಡ ಪೆಟ್ಟು.

ಕಾರ್ಬನ್ ಫೈಬರ್ ಕೆಟ್ಟದ್ದೆಂದು ನಾನು ಇಂದಿಗೂ ಹೇಳುವುದಿಲ್ಲ. ಮೀನಿನ ಗಾಳದ ಕೋಲಿಗೆ, ಸೈಕಲ್ಲಿಗೆ ಹಾಕಲಿ. ಬಂದೂಕಿನ ಬೆನ್ನಿಗೆ ಮಾತ್ರ, ಪೆಟ್ಟು ತಿಂದರೆ ಸೊಟ್ಟಗಾಗಿಯಾದರೂ ತೋರಿಸಿಕೊಡುವ ಲೋಹವೇ ಬೇಕು.

ಆ ವಾರವೇ ಜಡೆಯನ ಹೆಂಡತಿ ಕೇತಮ್ಮ ಕುಲುಮೆಯ ಬಾಗಿಲಲ್ಲಿ ಬಂದು ನಿಂತಳು. ಬೇಟೆಯ ಹಿಂದಿನ ಸಂಜೆ ಹಳ್ಳದಲ್ಲಿ ಕಾಲು ಜಾರಿ ಬಂದೂಕು ಬಂಡೆಗೆ ಬಡಿಯಿತೆಂದು ಗಂಡ ಉಣ್ಣುವಾಗ ಹೇಳಿದ್ದನಂತೆ. ಗೀರೇ ಬಿದ್ದಿಲ್ಲವಲ್ಲ, ಗೌಡರಿಗೆ ಹೇಳಿ ಯಾಕೆ ಬೈಸಿಕೊಳ್ಳಲಿ ಎಂದಿದ್ದನಂತೆ.

"ಅದ್ರಿಂದ್ಲೇನಾ, ಆಚಾರ್ರೆ?"

ನನಗೆ ಸುಳ್ಳು ಹೇಳಲಾಗಲಿಲ್ಲ. ಅಂಗೈ ಬಿಚ್ಚಿ ತುಂಡನ್ನು ತೋರಿಸಿದೆ. ಅವಳು ಅದನ್ನು ಎತ್ತಿ ತಿರುವಿ ನೋಡಿ, ಮತ್ತೆ ನನ್ನ ಅಂಗೈಯಲ್ಲಿಟ್ಟಳು.

"ಕಲ್ ನಿಲ್ಲಿಸೋ ದಿನ ಎಲ್ರ ಮುಂದೆ ಹೇಳ್ತೀನಿ. ಬದುಕಿರೋರ ಕಣ್ ಕಿತ್ತು ಸತ್ತೋನ್ಗೆ ದೀಪ ಇಡಾಕಾಯ್ತದಾ?"

ಹೇಳಿದರೆ ಕಲ್ಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ನಾನು ಗೌಡರ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದೆ. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಜಗಲಿಯ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತರು.

"ನಾನು ಹಿಂದೇನೇ ಬರ್ತಿದ್ದೆ, ಆಚಾರಿ. ಬಡಿದ ಸದ್ದು ಕೇಳಿಸ್ತು. ಅವನು ತಿರುವಿ ತಿರುವಿ ನೋಡ್ತಿದ್ದ. ಕಬ್ಬಿಣದ್ದಾಗಿದ್ರೆ ಸೊಟ್ಟಗಾಗಿರೋದು, ಅವನೇ ಬಂದು ಹೇಳೋನು. ಅವನು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

"ಯಾಕೆ ಗೌಡ್ರೆ?"

"ಕೇಳಿದ್ರೆ ಇನ್ನೊಂದು ಗುಂಡು ಹಾರಿಸಿ ನೋಡ್ಬೇಕಾಗಿತ್ತು. ಭುಜ ನೋಯ್ತಿತ್ತು."

ಕಲ್ಲು ನಿಲ್ಲಿಸುವ ದಿನ ಊರೆಲ್ಲ ಬೇವಿನ ಕೆಳಗೆ ಸೇರಿತು. ಬೋರಯ್ಯ ಆರಿಸಿದ ಕಲ್ಲನ್ನು ಗುಣಿಗೆ ಇಳಿಸಿ ಮಣ್ಣು ತುಳಿದರು. ಕೇತಮ್ಮ ಸೆರಗು ಬಿಗಿದುಕೊಂಡು ಎದ್ದಳು. ಒಂದು ಮಾತಿದೆ ಎಂದಳು. ಹಿರಿಯರು ಅವಳತ್ತ ತಿರುಗಿದರು.

"ಕೂತ್ಕೊ ಕೇತಮ್ಮ," ಎಂದರು ಗೌಡರು. ಹಿಂದಿನಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದಿದ್ದರು. "ಆ ಮಾತು ನಂದು. ಗುರಿ ತಪ್ಪಿದ್ದು ನಾನು. ತಿಳ್ಕೋಬೇಕಾಗಿದ್ದೋನೂ ನಾನೇ. ಜಡೆಯಂದು ಏನೂ ಇಲ್ಲ."

"ಅದೇನು ಹೊಸಾದಾ," ಎಂದು ಯಾರೋ ಗೊಣಗಿದರು. ಕೆಲವರು ಉಗುಳಿದರು.

ಕೇತಮ್ಮ ನನ್ನತ್ತ ನೋಡಿದಳು. ನನ್ನ ಕೈ ಜೇಬಿನಲ್ಲಿ, ಆ ಕರಿಯ ತುಂಡಿನ ಮೇಲಿತ್ತು. ಅಲ್ಲೇ ಇಟ್ಟುಕೊಂಡೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕಲ್ಲಿನ ಬುಡದಲ್ಲಿ ಹಣತೆಯಿಟ್ಟಳು. ಬತ್ತಿ ಹಾಕಿದ ಮೇಲೆ ಎಣ್ಣೆಯ ಗಿಂಡಿಯನ್ನು ಬೇರೆ ಯಾರಿಗೂ ಕೊಡದೆ ಗೌಡರತ್ತ ಚಾಚಿದಳು. ಜನಕ್ಕೆ ಅರ್ಥವಾಗಲಿಲ್ಲ. ಗೌಡರ ಬಲಗೈ ಗಿಂಡಿಯವರೆಗೆ ಏಳಲಿಲ್ಲ. ಎಡಗೈಯಲ್ಲಿ ಗಿಂಡಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಎರೆದರು.

ದೀಪ ಹತ್ತಿಕೊಂಡ ಮೇಲೆ ಬೋರಯ್ಯ ಕಲ್ಲನ್ನು ಕೊನೆಯ ಸಲ ತಟ್ಟಿದ. ಅದು ಗಂಟೆಯಂತೆ ನುಡಿಯಿತು. ಪಕ್ಕದಲ್ಲೇ ಗೌಡರು ನಿಂತಿದ್ದರು, ನೆಟ್ಟಗೆ. ಅವರ ಮುಖದಲ್ಲಿ ಎಲ್ಲಿಯೂ ಒಂದು ಗೀರು ಕಾಣುತ್ತಿರಲಿಲ್ಲ.